ಜಪಾನಿನ ಉಗಿಬಂಡಿ ಫೋಟೊ ತೆಗೆಯಲು ಫೆಬ್ರವರಿಯಲ್ಲಿ ಎಲ್ಲಿ ನಿಲ್ಲಬೇಕು?

ಪ್ರಶ್ನೆ (ದಾವಣಗೆರೆ):
ಫೆಬ್ರವರಿಯಲ್ಲಿ ಕೆಲಸದ ಮೇಲೆ ಟೋಕಿಯೊಗೆ ಹೋಗುತ್ತಿದ್ದೇನೆ, ಒಂದು ಶನಿವಾರ, ಭಾನುವಾರ ಪೂರ್ತಿ ಬಿಡುವಿದೆ. ಹರಿಹರದ ತುಂಗಭದ್ರಾ ಸೇತುವೆ ಹತ್ತಿರ, ಚಿಕ್ಕಜಾಜೂರಿನಲ್ಲಿ ರೈಲು ಫೋಟೊ ತೆಗೆದು ಅಭ್ಯಾಸವಿದೆ. ಆದರೆ ನಮ್ಮ ಕಡೆ ಕಲ್ಲಿದ್ದಲಿನ ಇಂಜಿನ್ ಮೀಟರ್ ಗೇಜ್ ಕಾಲಕ್ಕೇ ಮುಗಿಯಿತು, ಅದನ್ನ ಒಮ್ಮೆಯಾದರೂ ಕಣ್ಣಾರೆ ನೋಡಿ ಸೆರೆಹಿಡಿಯಬೇಕು. ಫುಕುಶಿಮಾ ಕಡೆಯ ತದಾಮಿ ರೈಲು ಮಾರ್ಗದ ಕಮಾನು ಸೇತುವೆಗೆ ಹೋಗೋಣ ಅಂದುಕೊಂಡಿದ್ದೇನೆ, ಸರಿನಾ?

ಉತ್ತರ 1 (ಚಿತ್ರದುರ್ಗ):
ಸೇತುವೆ ಚಂದ, ಅನುಮಾನವೇ ಇಲ್ಲ. ಆದರೆ ಅಲ್ಲಿ ದಿನವೂ ಓಡೋದು ಡೀಸೆಲ್ ಗಾಡಿ, ಉಗಿಬಂಡಿ ಬಂದಿರೋದೇ ಅಪರೂಪ, ವಿಶೇಷ ಓಡಾಟಕ್ಕೆ ಮಾತ್ರ. ಎರಡು ದಿನವನ್ನ ಅದೃಷ್ಟಕ್ಕೆ ಬಿಡಬೇಡಿ, ಉತ್ತರದ ಹೊಕ್ಕೈಡೊ ದ್ವೀಪದ ಕುಶಿರೊಗೆ ವಿಮಾನ ಹಿಡಿಯಿರಿ. 1940ರಲ್ಲಿ ಕಟ್ಟಿದ ಸಿ11 171 ಇಂಜಿನ್ ಚಳಿಗಾಲದಲ್ಲಿ, ಹೆಚ್ಚಾಗಿ ವಾರಾಂತ್ಯದಲ್ಲಿ, ಕುಶಿರೊದಿಂದ ಶಿಬೆಚಾಗೆ ಜೌಗು ಭೂಮಿಯ ನಡುವೆ ಓಡುತ್ತದೆ. ಯಾವ ಯಾವ ದಿನ ಅಂತ ಅಲ್ಲಿನ ರೈಲ್ವೆ ಕಂಪನಿ ಜೆಆರ್ ಹೊಕ್ಕೈಡೊದ ಪಟ್ಟಿ ನೋಡಿಕೊಂಡೇ ಟಿಕೆಟ್ ಮಾಡಿಸಿ. ಚಳಿ ಜಾಸ್ತಿ ಇದ್ದಷ್ಟೂ ಉಗಿ ಬೇಗ ತಣ್ಣಗಾಗಿ ದಟ್ಟ ಬಿಳಿ ಮೋಡವಾಗುತ್ತದೆ, ಬೇಸಿಗೆಯಲ್ಲಿ ಅದು ಸಿಗಲ್ಲ.

ಎಲ್ಲಿ ನಿಲ್ಲಬೇಕು ಅನ್ನೋದೇ ಮುಖ್ಯ. ಇಳಿಜಾರಿನಲ್ಲಿ ಇಂಜಿನ್ ಸುಮ್ನೆ ಜಾರಿಕೊಂಡು ಬರುತ್ತದೆ, ಹೊಗೆ ಇರೋದೇ ಇಲ್ಲ. ಸ್ಟೇಷನ್ ಬಿಟ್ಟು ವೇಗ ಹಿಡಿಯುವಾಗ, ಏರು ಹತ್ತುವಾಗ ನಿಜವಾದ ಹೊಗೆ. ಕುಶಿರೊ ಬಿಟ್ಟ ಕೂಡಲೇ ನದಿ ಸೇತುವೆ ಬರುತ್ತದೆ, ಮೊದಲ ದಿನ ಅಲ್ಲೇ ನಿಲ್ಲಿ. ಗಾಳಿಯನ್ನೂ ನೋಡಿ. ನಮ್ಮ ಜೋಗಿಮಟ್ಟಿ ಕಡೆಯ ಗಾಳಿಯಂತ್ರ ನೋಡಿ ಬೆಳೆದವರಿಗೆ ಇದನ್ನ ಹೇಳಬೇಕಾಗಿಲ್ಲ ಅಲ್ವಾ? ಗಾಳಿ ನಿಮ್ಮ ಕಡೆಗೆ ಬೀಸಿದರೆ ಹೊಗೆ ಡಬ್ಬಿಗಳ ಮೇಲೆ ಬಿದ್ದು ಇಡೀ ಗಾಡಿ ಮುಚ್ಚಿಹೋಗುತ್ತದೆ, ಹಳಿಯ ಆಚೆ ಬದಿಗೆ ಹೋಗಿ. ಇನ್ನೊಂದು, ವಾಪಸ್ ಬರುವಾಗ ಇಂಜಿನ್ ಹಿಮ್ಮುಖವಾಗಿ ಬರುತ್ತದೆ, ಮುಖ ಬೇಕಿದ್ದರೆ ಹೋಗುವ ಓಟವೇ ಗತಿ.

ಉತ್ತರ 2 (ದಾವಣಗೆರೆ):
ಅಷ್ಟು ದೂರ ಆಗದಿದ್ದರೆ ಶಿಜುಒಕದ ಒಯಿಗಾವಾ ರೈಲ್ವೆ ಇದೆ. 1976ರಿಂದ ಉಗಿಬಂಡಿ ಓಡಿಸುತ್ತಿದ್ದಾರೆ, ಪಕ್ಕದಲ್ಲೇ ಚಹಾ ತೋಟ. 2022ರ ಚಂಡಮಾರುತಕ್ಕೆ ಲೈನ್ ಕೆಟ್ಟಿತ್ತು, ಎಲ್ಲಿಯವರೆಗೆ ಓಡುತ್ತದೆ ಅಂತ ಕೇಳಿಕೊಳ್ಳಿ. ಆದರೆ ಫೆಬ್ರವರಿಗೆ ನನ್ನ ಮತವೂ ಕುಶಿರೊಗೇ.

ಪ್ರಶ್ನೆ ಕೇಳಿದವರು:
ಕುಶಿರೊ ಗಟ್ಟಿ! ಕರಿ ಇಂಜಿನ್, ಬಿಳಿ ಹಿಮ, ಎಕ್ಸ್‌ಪೋಶರ್ ಹೇಗೆ?

ಉತ್ತರ 1:
ಕ್ಯಾಮೆರಾ ಹಿಮವನ್ನ ಬೂದಿ ಬಣ್ಣ ಮಾಡುತ್ತದೆ, ಎಕ್ಸ್‌ಪೋಶರ್ ಒಂದು ಸ್ಟಾಪ್, ಅಂದರೆ ಬೆಳಕು ಎರಡರಷ್ಟು, ಹೆಚ್ಚಿಸಿ. ಬಿಳಿ ಉಗಿಯಲ್ಲಿ ವಿವರ ಹೋಗಬಾರದು, ರಾ ಫೈಲಲ್ಲೇ (ಕ್ಯಾಮೆರಾ ಸಂಸ್ಕರಿಸದ ಮೂಲ ಫೈಲ್) ತೆಗೆಯಿರಿ. ಶಟರ್ ವೇಗ 1/500 ಸೆಕೆಂಡಿಗಿಂತ ನಿಧಾನ ಬೇಡ. ಪ್ಯಾನಿಂಗ್, ಅಂದರೆ ಗಾಡಿಯ ಜೊತೆಗೇ ಕ್ಯಾಮೆರಾ ತಿರುಗಿಸುತ್ತಾ ತೆಗೆಯೋದು, ಮಾಡೋದಾದರೆ 1/60, ಹೋಗುವ ಮುಂಚೆ ಹರಿಹರದಲ್ಲೇ ಕೈ ಪಳಗಿಸಿಕೊಳ್ಳಿ. ಬ್ಯಾಟರಿ ಒಳಜೇಬಲ್ಲಿರಲಿ, ಚಳಿಗೆ ಬೇಗ ಇಳಿಯುತ್ತದೆ. ರೂಮಿಗೆ ಬರುವ ಮುಂಚೆ ಕ್ಯಾಮೆರಾ ಬ್ಯಾಗಲ್ಲಿ ಮುಚ್ಚಿಡಿ, ಇಲ್ಲದಿದ್ದರೆ ಲೆನ್ಸ್ ಮೇಲೆಲ್ಲಾ ನೀರು ಕೂರುತ್ತದೆ. ಯಾರ ಹೊಲಕ್ಕೂ, ಹಳಿಗೂ ಕಾಲಿಡಬೇಡಿ, ಅಲ್ಲಿ ಆ ವಿಷಯದಲ್ಲಿ ಬಹಳ ಕಟ್ಟುನಿಟ್ಟು.