ಹುತ್ತಕ್ಕೂ ಕುಂಬಾರ ಬೇಕೆ? ಉದಯನನ ಈಶ್ವರಾನುಮಾನದ ಬಗ್ಗೆ

ತರ್ಕಪ್ರಿಯ: ದೇವರನ್ನು ನಂಬುವವರಿಗೆ ತರ್ಕವೆಂದರೆ ಭಯ ಅನ್ನುವವರು 10ನೇ ಶತಮಾನದ ನೈಯಾಯಿಕ (ನ್ಯಾಯದರ್ಶನದ ತಾರ್ಕಿಕ) ಉದಯನನ 'ನ್ಯಾಯಕುಸುಮಾಂಜಲಿ'ಯ ಐದನೆಯ ಸ್ತಬಕ (ಅಧ್ಯಾಯ) ಓದಲಿ. ಈಶ್ವರನಿದ್ದಾನೆನ್ನಲು ಅವನ ಅನುಮಾನ (ಶಂಕೆಯಲ್ಲ, ಹೇತು ಕೊಟ್ಟು ತೀರ್ಮಾನಿಸುವ ವಾದ) ಹೀಗಿದೆ. ಭೂಮಿ, ಮೊಳಕೆ ಮುಂತಾದವಕ್ಕೆ ಕರ್ತೃ ಇದ್ದಾನೆ (ಪ್ರತಿಜ್ಞೆ, ಅಂದರೆ ಸಾಧಿಸಬೇಕಾದ ಮಾತು). ಅವು ಕಾರ್ಯಗಳಾದ್ದರಿಂದ, ಅಂದರೆ ಮೊದಲು ಇಲ್ಲದೆ ಆಮೇಲೆ ಉಂಟಾದವಾದ್ದರಿಂದ (ಹೇತು, ಅಂದರೆ ಕೊಡುವ ಕಾರಣ). ಯಾವುದು ಕಾರ್ಯವೋ ಅದಕ್ಕೆ ಕರ್ತೃ ಉಂಟು, ಗಡಿಗೆಗೆ ಇದ್ದಂತೆ (ಉದಾಹರಣೆ). ಉಪನಯ (ಆ ನಿಯಮವನ್ನು ಇಲ್ಲಿಗೆ ಅನ್ವಯಿಸುವುದು), ನಿಗಮನ (ತೀರ್ಮಾನ) ನೀವೇ ಹಾಕಿಕೊಳ್ಳಿ. ದೋಷ ಎಲ್ಲಿದೆ?

ಹಸಿಸೌದೆ: ವ್ಯಾಪ್ತಿಯಲ್ಲಿ, ಅಂದರೆ 'ಹೇತು ಇದ್ದಲ್ಲೆಲ್ಲ ಸಾಧ್ಯ (ಸಾಧಿಸಬೇಕಾದದ್ದು) ಇದೆ' ಅನ್ನುವ ನಿಯಮದಲ್ಲಿ. 'ಬೆಂಕಿ ಇದೆ, ಹಾಗಾಗಿ ಹೊಗೆ ಇದೆ' ಅನ್ನುವುದು ಯಾಕೆ ಕೆಡುತ್ತದೆ? ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿ ಇದೆ, ಹೊಗೆ ಇಲ್ಲ. ಹೊಗೆಗೆ ಹಸಿ ಸೌದೆ ಬೇಕು, ಅದೇ ಉಪಾಧಿ, ಅಂದರೆ ಹೇಳದೆ ಬಿಟ್ಟ ಷರತ್ತು. ಸಾಧ್ಯ ಇರುವಲ್ಲೆಲ್ಲ ಉಪಾಧಿ ಇರುತ್ತದೆ, ಹೇತು ಇರುವಲ್ಲೆಲ್ಲ ಇರುವುದಿಲ್ಲ. ಇಲ್ಲೂ ಹಾಗೇ. ಕರ್ತೃ ಕಂಡಲ್ಲೆಲ್ಲ ಶರೀರ ಕಂಡಿದೆ, ಇಲ್ಲಿ ಅದು ಉಪಾಧಿ. ಮೊಳಕೆ ಕಾರ್ಯವೇ, ಆದರೆ ಯಾವ ಕೈಯೂ ಅದನ್ನು ಮಾಡಿಲ್ಲ.

ತರ್ಕಪ್ರಿಯ: ಮೊಳಕೆಗೆ ಕರ್ತೃ ಇಲ್ಲವೆಂದು ಮೊದಲೇ ಒಪ್ಪಿದರೆ ಮಾತ್ರ ನಿಮ್ಮ ಉಪಾಧಿ ಸಾಧ್ಯವನ್ನು ವ್ಯಾಪಿಸುತ್ತದೆ. ಜಗಳ ಇರುವುದೇ ಅದರ ಮೇಲಲ್ಲವೇ! ಹೀಗೆ ಬಿಟ್ಟರೆ ಹೊಗೆಯಿಂದ ಬೆಟ್ಟದ ಬೆಂಕಿಯನ್ನು ಊಹಿಸುವುದಕ್ಕೂ 'ಬೆಟ್ಟವಲ್ಲದಿರುವುದು' ಅನ್ನುವ ಉಪಾಧಿ ಒಡ್ಡಿ ಕೆಡಿಸಬಹುದು.

ಗೆದ್ದಲು: ಉಪಾಧಿ ಬಿಡಿ, ಬೌದ್ಧ ತಾರ್ಕಿಕ ಧರ್ಮಕೀರ್ತಿಯ ಏಟು ಇನ್ನೂ ಚುರುಕು. ಗಡಿಗೆ ಮಣ್ಣಿನ ವಿಕಾರ (ರೂಪಾಂತರ), ಕುಂಬಾರ ಮಾಡಿದ್ದು; ಹುತ್ತವೂ ಮಣ್ಣಿನ ವಿಕಾರ, ಅದನ್ನೂ ಕುಂಬಾರನೇ ಮಾಡಿದನೆನ್ನೋಣವೇ? 'ಕಾರ್ಯ' ಎಂಬ ಒಂದೇ ಶಬ್ದವನ್ನು ಎರಡು ಜಾತಿಯ ವಸ್ತುಗಳಿಗೆ ಅಂಟಿಸಿದ್ದೀರಿ, ಅಷ್ಟೇ. ಪಾಳು ಗುಡಿ ಕಂಡರೆ, ಕಟ್ಟಿದವನು ಕಾಣದಿದ್ದರೂ, ಯಾರೋ ಕಟ್ಟಿದ್ದೆಂದು ಹೊಳೆಯುತ್ತದೆ. ಬೆಟ್ಟ ಕಂಡರೆ ಹೊಳೆಯುವುದಿಲ್ಲ. ವ್ಯಾಪ್ತಿ ಕಂಡುಕೊಂಡದ್ದು ಗುಡಿ-ಗಡಿಗೆಗಳಲ್ಲಿ, ಅದು ಅಲ್ಲೇ ನಿಲ್ಲುತ್ತದೆ. 11ನೇ ಶತಮಾನದಲ್ಲಿ ವಿಕ್ರಮಶಿಲೆಯ ಬೌದ್ಧ ಪಂಡಿತ ರತ್ನಕೀರ್ತಿ ಈ ಅನುಮಾನವನ್ನು ಕೆಡವಲೆಂದೇ 'ಈಶ್ವರಸಾಧನದೂಷಣ' ಬರೆದ.

ಮೇಲುಕೋಟೆದಾರಿ: ಅದಕ್ಕೆ ಬೌದ್ಧರೇ ಬೇಕಿಲ್ಲ. ಬ್ರಹ್ಮವನ್ನು ತಿಳಿಯಲು ಶಾಸ್ತ್ರವೇ ಆಧಾರ ಅನ್ನುವ 'ಶಾಸ್ತ್ರಯೋನಿತ್ವಾತ್' (ಬ್ರಹ್ಮಸೂತ್ರ 1.1.3) ಸೂತ್ರದ ವ್ಯಾಖ್ಯಾನದಲ್ಲಿ, ಶ್ರೀಭಾಷ್ಯದಲ್ಲಿ, ರಾಮಾನುಜರೇ ಇದನ್ನು ಮುರಿದಿದ್ದಾರೆ. ಜಗತ್ತು ಕಾರ್ಯವೆಂದು ಒಪ್ಪಿದರೂ, ಎಲ್ಲವನ್ನೂ ಒಂದೇ ಕಾಲಕ್ಕೆ ಒಬ್ಬನೇ ಮಾಡಿದನೆಂದು ಹೇಗೆ ಗೊತ್ತು? ಗಡಿಗೆಯ ದೃಷ್ಟಾಂತ ಹಿಡಿದು ಹೋದರೆ ಸಿಗುವವನು ಮೈ-ಕೈ ಇರುವ, ಅಲ್ಪಜ್ಞ ಕುಂಬಾರ. ಮಧ್ವರೂ ಈಶ್ವರನನ್ನು ಬರೀ ಅನುಮಾನದ ಕೈಗೆ ಕೊಡುವುದಿಲ್ಲ. ಇವರಿಬ್ಬರ ಆಸ್ತಿಕತೆಯನ್ನು ಯಾರೂ ಶಂಕಿಸಿಲ್ಲ ತಾನೆ? ಹೇತುವಿನಲ್ಲಿ ದೋಷವಿದ್ದರೆ ಅನುಮಾನ ಬೀಳುತ್ತದೆ, ಸಾಧ್ಯವೇ ಸುಳ್ಳೆಂದು ಆಗುವುದಿಲ್ಲ.

ಹಸಿಸೌದೆ: ಸರಿ, ಹಾಗಾದರೆ ಆಧಾರ ವೇದ. ವೇದ ಯಾಕೆ ಪ್ರಮಾಣ? ದೇವರ ಮಾತಾದ್ದರಿಂದ. ದೇವರು ಇದ್ದಾನೆನ್ನಲು? ವೇದ ಹೇಳಿದೆ. ಅನ್ಯೋನ್ಯಾಶ್ರಯ, ಎರಡೂ ಒಂದಕ್ಕೊಂದು ಆತುಕೊಂಡಿರುವ ದೋಷ.

ಮೇಲುಕೋಟೆದಾರಿ: ಆ ದೋಷ ತಟ್ಟುವುದು ನೈಯಾಯಿಕನಿಗೆ. ಅವನ ಮತದಲ್ಲಿ ವೇದ ಈಶ್ವರಕೃತ, ಅದಕ್ಕೇ ಅವನು ಅನುಮಾನವನ್ನು ಬಿಡಲಾರ. ವೇದಾಂತಿಗೆ ವೇದ ಅಪೌರುಷೇಯ. ಕರ್ತೃವೇ ಇಲ್ಲ, ಕರ್ತೃವಿನ ದೋಷವೂ ಇಲ್ಲ.

ಗೆದ್ದಲು: ಬೆಟ್ಟಕ್ಕೆ ಕರ್ತೃ ಇರುವುದನ್ನು ತರ್ಕದಿಂದ ತೋರಿಸಲಾಗದು ಅಂದಿರಿ, ಒಪ್ಪಿದೆ. ಈಗ ವಾಕ್ಯಕ್ಕೂ ಕರ್ತೃ ಇಲ್ಲ ಅನ್ನುತ್ತಿದ್ದೀರಿ. ವಾಕ್ಯ ಗುಡಿಯ ಜಾತಿಯೋ, ಬೆಟ್ಟದ ಜಾತಿಯೋ?

ತರ್ಕಪ್ರಿಯ: ಉದಯನ ಕೊಟ್ಟ ಹೇತುಗಳ ಸಾಲಿನಲ್ಲಿ 'ವಾಕ್ಯ'ವೂ ಒಂದು. ಸುಮ್ಮನೆ ನೆನಪಿಸಿದೆ.