ಚೀಟಿ ನಂಬರ್ ಸರಿ, ತೂಕ ತಪ್ಪು: ಎನ್‌ಟೋಎಚ್‌ಎಲ್ ಹಾಕಿದರೂ ಅಷ್ಟೇ, ತೆಗೆದರೂ ಅಷ್ಟೇ

ಗಂಗಾವತಿ_ಸಿ:
ಗಂಗಾವತಿಯ ಒಂದು ರೈಸ್ ಮಿಲ್ಲಿನ ವೇಬ್ರಿಜ್ (ಲಾರಿ ತೂಗುವ ಕಾಟಾ) ಇಂಡಿಕೇಟರಿನಿಂದ, ಅಂದರೆ ತೂಕ ತೋರಿಸುವ ಪೆಟ್ಟಿಗೆಯಿಂದ, ಟಿಸಿಪಿ (ನೆಟ್‌ವರ್ಕ್ ಸಂಪರ್ಕ) ಮೇಲೆ ತೂಕ ತಗೊಂಡು ಚೀಟಿ ಪ್ರಿಂಟ್ ಮಾಡುವ ಪ್ರೋಗ್ರಾಂ ಇದು. ಸಿ ಭಾಷೆ, 64 ಬಿಟ್ ಇಂಟೆಲ್ ಲಿನಕ್ಸ್. ಮ್ಯಾನುಯಲ್ ಪ್ರಕಾರ ಒಂದು ರೆಕಾರ್ಡ್ 7 ಬೈಟ್: ಟೈಪ್ 1, ಚೀಟಿ ನಂಬರ್ 2, ಕೆಜಿಯಲ್ಲಿ ತೂಕ 4. ಎಲ್ಲಾ ನೆಟ್‌ವರ್ಕ್ ಬೈಟ್ ಆರ್ಡರ್, ಅಂದರೆ ದೊಡ್ಡ ಸ್ಥಾನದ ಬೈಟ್ ಮೊದಲು. ಅದೇ ಕ್ರಮದಲ್ಲಿ ಒಂದು ಸ್ಟ್ರಕ್ಟ್ (ಹಲವು ಫೀಲ್ಡುಗಳ ಗುಂಪು) ಮಾಡಿ, ಸೊನ್ನೆ ತುಂಬಿ, ಅದರ ವಿಳಾಸವನ್ನೇ ರಿಸೀವ್ ಕಾಲ್‌ಗೆ ಕೊಟ್ಟಿದ್ದೀನಿ. ಉದ್ದಕ್ಕೆ ಸೈಜ್‌ಆಫ್, ಅಂದರೆ ಆ ಸ್ಟ್ರಕ್ಟ್ ಎಷ್ಟು ಬೈಟ್ ಅನ್ನೋದು.

ಲಾರಿಯ ತೂಕ 25480, ಚೀಟಿ 41. ನೆಟ್‌ವರ್ಕ್ ಕ್ರಮವನ್ನು ಯಂತ್ರದ ಕ್ರಮಕ್ಕೆ ತಿರುಗಿಸುವ ಫಂಕ್ಷನ್‌ಗಳು ಎನ್‌ಟೋಎಚ್‌ಎಸ್ (2 ಬೈಟಿಗೆ), ಎನ್‌ಟೋಎಚ್‌ಎಲ್ (4 ಬೈಟಿಗೆ). ಚೀಟಿ ನಂಬರಿಗೆ ಎನ್‌ಟೋಎಚ್‌ಎಸ್ ಹಾಕಿದರೆ 10496 ಬರುತ್ತೆ, ತೆಗೆದರೆ ಸರಿಯಾಗಿ 41. ತೂಕಕ್ಕೆ ಎನ್‌ಟೋಎಚ್‌ಎಲ್ ಹಾಕಿದರೆ 6522880, ತೆಗೆದರೆ 8938240. ಈ ಇಂಡಿಕೇಟರ್ ಒಂದೊಂದು ಫೀಲ್ಡಿಗೆ ಒಂದೊಂದು ಕ್ರಮ ಬಳಸ್ತದೇನ್ರಿ?

ರಾಯಚೂರು_ಸಾಕೆಟ್:
ಇಂಡಿಕೇಟರ್ ಸರಿ ಐತ್ರಿ. 6522880 ಅನ್ನು 256ರಿಂದ ಭಾಗಿಸ್ರಿ, 25480 ಬರ್ತೈತಿ. 10496 ಅನ್ನೂ ಭಾಗಿಸ್ರಿ, 41. ಎರಡೂ ಸರಿಯಾಗಿ 256 ಪಟ್ಟು ಆಗ್ಯಾವ ಅಂದ್ರೆ ನೀವು ಒಂದು ಬೈಟ್ ಮುಂದಕ್ಕೆ ಸರಿದು ಓದ್ಲಿಕತ್ತೀರಿ. ಬರೀ ಬೈಟ್ ಆರ್ಡರ್ ತಪ್ಪಿದ್ರೆ ತೂಕ 2288189440 ಬರ್ತಿತ್ತು, ಸೈನ್ಡ್ ಆಗಿ ಪ್ರಿಂಟ್ ಮಾಡಿದ್ರೆ ಮೈನಸ್ 2006777856.

ಸೈಜ್‌ಆಫ್ ಪ್ರಿಂಟ್ ಮಾಡಿ ನೋಡ್ರಿ, 8 ತೋರಿಸ್ತೈತಿ. ಎರಡು ಬೈಟಿನ ಫೀಲ್ಡ್ ಸಮ ವಿಳಾಸದಾಗ ಕೂಡ್ಲಿ ಅಂತ ಕಂಪೈಲರ್ ಟೈಪ್ ಆದಮೇಲೆ ಒಂದು ಬೈಟ್ ಖಾಲಿ ಬಿಡ್ತೈತಿ. ತಂತಿ ಮೇಲೆ ಬರೋದು ಹಿಂಗ (ಹೆಕ್ಸ್‌ನಾಗ):

01 00 29 00 00 63 88

ನಿಮ್ಮ ಸ್ಟ್ರಕ್ಟಿನಾಗ 01 ಟೈಪಿಗೆ ಹೋತು, 00 ಆ ಖಾಲಿ ಜಾಗಕ್ಕ ಬಿತ್ತು, ಚೀಟಿ ನಂಬರಿಗೆ 29 00 ಸಿಕ್ತು, ತೂಕಕ್ಕ 00 63 88 ಮತ್ತ ಕೊನೀಗೆ ನೀವು ತುಂಬಿದ ಸೊನ್ನೆ. ಇಂಟೆಲ್ ಲಿಟಲ್ ಎಂಡಿಯನ್ (ಚಿಕ್ಕ ಸ್ಥಾನದ ಬೈಟ್ ಮೊದಲು) ಆಗಿರೋದ್ರಿಂದ 29 00 ಅನ್ನೋದು ಹಂಗೇ 41 ಆಗಿ ಕಾಣ್ತೈತಿ. ಎರಡು ತಪ್ಪು ಕೂಡಿ ಒಂದು ಸರಿ ಉತ್ತರ ಕೊಟ್ಟಾವ. ಇದನ್ನ ನಂಬಿ ಹಂಗೇ ಬಿಟ್ರೆ 255ರ ತನಕ ಚೀಟಿ ಚೆಂದ ಬರ್ತಾವ. 256ನೇ ಲಾರಿಗೆ ನಂಬರ್ 0 ಆಗ್ತೈತಿ, 257ಕ್ಕ 1. ಸುಗ್ಗ್ಯಾಗ ಭತ್ತದ ಲಾರಿ ಸಾಲುಗಟ್ಟಿ ನಿಂತಾಗ ಒಂದೇ ನಂಬರಿನ ಎರಡು ಚೀಟಿ ಬಂದ್ರೆ ರೈತರಿಗೆ ಲೆಕ್ಕ ಕೊಡೋದು ಹೆಂಗ? ಇವತ್ತೇ ತೆಗೀರಿ.

ಇನ್ನೊಂದು. ಸೈಜ್‌ಆಫ್ ಕೊಟ್ಟು 8 ಬೈಟ್ ಕೇಳಿದ್ರೆ, ಎರಡು ರೆಕಾರ್ಡ್ ಒಟ್ಟಿಗೆ ಬಂದಾಗ ಮುಂದಿನದರ ಮೊದಲ ಬೈಟನ್ನೂ ನುಂಗ್ತೀರಿ. ಆಗ ತೂಕ 6522881 ಆಗ್ತೈತಿ, ಅದರ ಮುಂದಿನ ರೆಕಾರ್ಡಿನ ಟೈಪೇ 0 ಅಂತ ಬರ್ತೈತಿ.

ಬಳ್ಳಾರಿ_ಬೋರ್ಡ್:
ಮೇಲಿನ ಉತ್ತರ ಸರಿ. ಪರಿಹಾರ ಹೀಗೆ: ಸ್ಟ್ರಕ್ಟಿಗೆ ನೇರವಾಗಿ ಓದಬೇಡಿ. 7 ಬೈಟಿನ ಅನ್‌ಸೈನ್ಡ್ ಅರೇ ಇಟ್ಟುಕೊಳ್ಳಿ. ಟಿಸಿಪಿಗೆ ರೆಕಾರ್ಡಿನ ಗಡಿ ಗೊತ್ತಿಲ್ಲ, ಒಮ್ಮೆಗೆ 3 ಬೈಟ್ ಮಾತ್ರ ಬರಬಹುದು; 7 ತುಂಬುವವರೆಗೆ ಲೂಪಿನಲ್ಲಿ ಓದಿ. ರಿಸೀವ್ ಕಾಲ್ 0 ಕೊಟ್ಟರೆ ಆ ಕಡೆಯವರು ಕನೆಕ್ಷನ್ ಮುಚ್ಚಿದ್ದಾರೆ ಎಂದರ್ಥ. ಆಮೇಲೆ:

ಚೀಟಿ = (ಬಫ್[1] << 8) | ಬಫ್[2];
ತೂಕ = ((ಯುಇಂಟ್32_ಟಿ)ಬಫ್[3] << 24) | ((ಯುಇಂಟ್32_ಟಿ)ಬಫ್[4] << 16) | ((ಯುಇಂಟ್32_ಟಿ)ಬಫ್[5] << 8) | ಬಫ್[6];

ಇದಾದ ಮೇಲೆ ಎನ್‌ಟೋಎಚ್‌ಎಲ್ ಹಾಕಬೇಡಿ, ಮತ್ತೆ ತಿರುಗಿಬಿಡುತ್ತದೆ. ಶಿಫ್ಟ್ (ಬಿಟ್‌ಗಳನ್ನು ಎಡಕ್ಕೆ ತಳ್ಳುವುದು) ಮಾಡುವುದು ಬೆಲೆಯ ಮೇಲೆ, ಮೆಮೊರಿಯ ಮೇಲೆ ಅಲ್ಲ. ಹಾಗಾಗಿ ಇದೇ ಸಾಲು ಬಿಗ್ ಎಂಡಿಯನ್ (ದೊಡ್ಡ ಬೈಟ್ ಮೊದಲು ಇಡುವ) ಯಂತ್ರದಲ್ಲೂ ಬದಲಿಲ್ಲದೆ ನಡೆಯುತ್ತದೆ. ಕಾಸ್ಟ್, ಅಂದರೆ ಬಫ್ ಮುಂಚೆ ಬರೆದ (ಯುಇಂಟ್32_ಟಿ), ಬಿಡಬೇಡಿ: ಅದಿಲ್ಲದಿದ್ದರೆ ಬೈಟ್ ಮೊದಲು ಇಂಟ್ ಆಗುತ್ತದೆ, 128 ಅಥವಾ ಹೆಚ್ಚಿನದನ್ನು 24 ಸ್ಥಾನ ಎಡಕ್ಕೆ ತಳ್ಳಿದರೆ ಓವರ್‌ಫ್ಲೋ. ಲಾರಿಯ ತೂಕದಲ್ಲಿ ಮೊದಲ ಬೈಟ್ ಯಾವಾಗಲೂ 0, ಆದ್ದರಿಂದ ಈ ತಪ್ಪು ಬೇಗ ಕಾಣುವುದಿಲ್ಲ. ಖಾಲಿ ಪ್ಲಾಟ್‌ಫಾರ್ಮ್ ಮೇಲೆ ಇಂಡಿಕೇಟರ್ ಮೈನಸ್ 20 ಕಳಿಸಿದ ದಿನ ಮೊದಲ ಬೈಟ್ 255 ಆಗಿರುತ್ತದೆ.

ಸ್ಟ್ರಕ್ಟಿಗೆ ಪ್ಯಾಕ್ಡ್ ಆಟ್ರಿಬ್ಯೂಟ್ (ನಡುವೆ ಖಾಲಿ ಬಿಡಬೇಡ ಎಂದು ಕಂಪೈಲರಿಗೆ ಸೂಚನೆ) ಹಾಕಿದರೆ ಖಾಲಿ ಜಾಗ ಹೋಗುತ್ತದೆ, ನಿಜ. ಆದರೆ ಆ ಫೀಲ್ಡಿನ ವಿಳಾಸವನ್ನು ಪಾಯಿಂಟರಿಗೆ ಕೊಟ್ಟರೆ ಕೆಲವು ಎಆರ್‌ಎಂ ಬೋರ್ಡುಗಳಲ್ಲಿ ಅಲೈನ್‌ಮೆಂಟ್ ದೋಷಕ್ಕೆ ಪ್ರೋಗ್ರಾಂ ಬಿದ್ದುಹೋಗುತ್ತದೆ. ಜಿಸಿಸಿ ಕಂಪೈಲರ್ 9ನೇ ಆವೃತ್ತಿಯಿಂದ ಇದಕ್ಕೆ ವಾರ್ನಿಂಗ್ ಕೊಡುತ್ತದೆ. ನಾನಂತೂ ಪ್ರೋಟೋಕಾಲ್ ಓದಲು ಪ್ಯಾಕ್ಡ್ ಬಳಸಬೇಡಿ ಎಂದೇ ಹೇಳುತ್ತೇನೆ.

ಸಿಂಧನೂರು_ವಿದ್ಯಾರ್ಥಿ:
ನಡುವೆ ಒಂದು ಪ್ರಶ್ನೆ, ಬಿಗ್ ಮತ್ತು ಲಿಟಲ್ ಯಾವುದು ಯಾವುದು ಅಂತ ನೆನಪಿಡೋದು ಹೇಗೆ ಸರ್?

ರಾಯಚೂರು_ಸಾಕೆಟ್:
ನಮ್ಮ ಎಪಿಎಂಸಿಯಾಗ ದಿನಾ ಎರಡೂ ಕೇಳ್ತೀರಿ. ಕನ್ನಡದಾಗ ಇಪ್ಪತ್ತೈದು: ದೊಡ್ಡ ಸ್ಥಾನ ಮೊದಲು, ಬಿಗ್ ಎಂಡಿಯನ್, ನೆಟ್‌ವರ್ಕ್ ಆರ್ಡರೂ ಇದೇ. ಉರ್ದುದಾಗ ಪಚ್ಚೀಸ್: ಐದು ಮೊದಲು, ಇಪ್ಪತ್ತು ಆಮೇಲೆ, ಅದು ಲಿಟಲ್. ಬೆಲೆ ಒಂದೇ, ಹೇಳೋ ಕ್ರಮ ಬ್ಯಾರೆ.

ಗಂಗಾವತಿ_ಸಿ:
ನೆಟ್‌ವರ್ಕಿನ ಬೈಟ್ ತೋರಿಸುವ ಟಿಸಿಪಿಡಂಪ್‌ನಲ್ಲಿ ನೀವು ಬರೆದ ಅದೇ 7 ಬೈಟ್ ಕಂಡವು. ಅರೇಗೆ ಬದಲಾಯಿಸಿದೆ, 41 ಮತ್ತು 25480 ಬಂತು. ಚೀಟಿ ನಂಬರ್ 300 ಕೊಟ್ಟೂ ನೋಡಿದೆ, ಸರಿ ಇದೆ. ಇನ್ನೆರಡು ತೊಂದರೆ ಇದಾವೆ. ಡಿಸ್ಪ್ಲೇ ಬೋರ್ಡಿಗಾಗಿ 5000 ಪೋರ್ಟಿನಲ್ಲಿ ಸರ್ವರ್ ಇಟ್ಟರೆ ಕನೆಕ್ಟ್ ಆಗ್ತಿಲ್ಲ, ಪೋರ್ಟ್ ಹಿಡಿಯುವ ಬೈಂಡ್ ಕಾಲ್ ಮಾತ್ರ ಎರರ್ ಕೊಡಲ್ಲ. ಭತ್ತದ ತೇವಾಂಶ ಮೀಟರ್ ಮಾಡ್‌ಬಸ್ ಎಂಬ ಪ್ರೋಟೋಕಾಲಿನಲ್ಲಿ 00 00 41 60 ಕಳಿಸುತ್ತೆ, ಅದರ ಪರದೆ ಮೇಲೆ 14.0 ಇದೆ. ಇದನ್ನ ಓದೋದು ಹೇಗೆ?

ಬಳ್ಳಾರಿ_ಬೋರ್ಡ್:
ಪೋರ್ಟ್ ನಂಬರಿಗೆ ಎಚ್‌ಟೋಎನ್‌ಎಸ್ (ಯಂತ್ರದ ಕ್ರಮದಿಂದ ನೆಟ್‌ವರ್ಕ್ ಕ್ರಮಕ್ಕೆ ತಿರುಗಿಸುವ ಫಂಕ್ಷನ್) ಹಾಕದೆ ಬಿಟ್ಟಿದ್ದೀರಿ. ಬೈಟ್ ಅದಲುಬದಲಾಗಿ ಸರ್ವರ್ 34835ರಲ್ಲಿ ಕೇಳುತ್ತಾ ಕೂತಿದೆ, ತೆರೆದ ಪೋರ್ಟ್ ತೋರಿಸುವ ಎಸ್‌ಎಸ್ ಕಮಾಂಡಿನಲ್ಲಿ ನೋಡಿ.

ಮೀಟರ್ ವಿಷಯ ಬೇರೆ. ಮಾಡ್‌ಬಸ್ ರಿಜಿಸ್ಟರ್ 16 ಬಿಟ್, ಅದರೊಳಗೆ ದೊಡ್ಡ ಬೈಟ್ ಮೊದಲು, ಇಷ್ಟು ಖಚಿತ. 32 ಬಿಟ್ ಬೆಲೆಯನ್ನು ಎರಡು ರಿಜಿಸ್ಟರಿಗೆ ಹಂಚಿದಾಗ ಯಾವ ಅರ್ಧ ಮೊದಲು ಎನ್ನುವುದು ತಯಾರಕರ ಮರ್ಜಿ. ಫ್ಲೋಟ್ (ದಶಮಾಂಶ ಸಂಖ್ಯೆಯ 32 ಬಿಟ್ ರೂಪ) ಆಗಿ 14.0 ಎಂದರೆ 41 60 00 00. ನಿಮ್ಮ ಮೀಟರ್ ಚಿಕ್ಕ ಅರ್ಧ ಮೊದಲು ಕಳಿಸುತ್ತಿದೆ. ಎರಡು ರಿಜಿಸ್ಟರ್ ಅದಲುಬದಲು ಮಾಡಿ, ಶಿಫ್ಟ್‌ನಿಂದ 32 ಬಿಟ್ ಪೂರ್ಣಾಂಕ ಕಟ್ಟಿ, ನಂತರ ಬೈಟ್‌ಗಳನ್ನು ಹಾಗೇ ನಕಲಿಸುವ ಮೆಮ್‌ಸಿಪಿವೈಯಿಂದ ಫ್ಲೋಟಿಗೆ ನಕಲು ಮಾಡಿ. ಫ್ಲೋಟಿಗೆ ನೇರ ಸಮ ಚಿಹ್ನೆ ಹಾಕಿದರೆ ಬಿಟ್ ಉಳಿಯುವುದಿಲ್ಲ, ಆ ಪೂರ್ಣಾಂಕದ ಬೆಲೆಯೇ ದಶಮಾಂಶವಾಗಿ ಬದಲಾಗಿ ತೇವಾಂಶ ನೂರು ಕೋಟಿ ದಾಟುತ್ತದೆ.