ಹೆಣ್ಣು ಕಲಿತರೆ ಕುಟುಂಬವೇ ಕಲಿತಂತೆ: ಈ ಮಾತು ಯಾರದ್ದು?

ಮಲ್ಪೆ ಕಡಲು:
ಉಡುಪಿ ಹತ್ತಿರದ ನಮ್ಮ ಹಳೇ ಶಾಲೆಗೆ ಬಣ್ಣ ಬಳಿಸುತ್ತಿದ್ದೇವೆ. ಗೇಟಿನ ಪಕ್ಕದ ಗೋಡೆಯಲ್ಲಿ "ಗಂಡು ಕಲಿತರೆ ಒಬ್ಬ ಕಲಿತಂತೆ, ಹೆಣ್ಣು ಕಲಿತರೆ ಇಡೀ ಕುಟುಂಬ ಕಲಿತಂತೆ" ಅಂತ ಬರೆಸುವ ಆಸೆ. ಕೆಳಗೆ ಯಾರ ಹೆಸರು ಹಾಕುವುದು? ಒಬ್ಬರು ಗಾಂಧೀಜಿ ಅಂತಾರೆ, ಇನ್ನೊಬ್ಬರು ನೆಹರೂ. ಮಕ್ಕಳು ದಿನಾ ನೋಡುವ ಗೋಡೆ, ಸುಮ್ನೆ ಯಾರದ್ದೋ ಹೆಸರು ಬೇಡ. ಗೊತ್ತಿದ್ದವರು ಹೇಳಿ ಮಾರಾಯ್ರೆ.

ಕೊಡಿಯಾಲದ ಓದುಗ:
ಇಬ್ಬರ ಹೆಸರೂ ಬೇಡ. ಈ ಮಾತಿಗೆ ಜಾಸ್ತಿ ಗಟ್ಟಿ ಆಧಾರ ಇರುವುದು ಜೇಮ್ಸ್ ಅಗ್ರಿ ಅವರ ಹೆಸರಿಗೆ. ಇಂದಿನ ಘಾನಾದಲ್ಲಿ 1875ರಲ್ಲಿ ಹುಟ್ಟಿದವರು, ಅಮೆರಿಕದಲ್ಲಿ ಓದಿ ಅಲ್ಲೇ ಪಾಠವನ್ನೂ ಮಾಡಿದವರು. 1920ರಲ್ಲಿ ಒಂದು ಶಿಕ್ಷಣ ಆಯೋಗದ ಜೊತೆ ಆಫ್ರಿಕಾದ ಎಷ್ಟೋ ಊರು ಸುತ್ತಿ ಶಾಲೆಗಳ ಸ್ಥಿತಿ ನೋಡಲು ಹೊರಟರು. ಆಮೇಲೆ ಘಾನಾದ ಅಕ್ರಾ ನಗರದ ಪಕ್ಕದ ಅಚಿಮೋಟಾದಲ್ಲಿ ದೊಡ್ಡ ವಿದ್ಯಾಸಂಸ್ಥೆ ಕಟ್ಟುವಾಗ ಅಲ್ಲಿ ಹುಡುಗಿಯರಿಗೂ ಜಾಗ ಇರಲೇಬೇಕು ಅಂತ ಪಟ್ಟು ಹಿಡಿದರು. ಆ ವಾದದ ಮಾತು ಇದು, ಚಂದಕ್ಕೆ ಹೇಳಿದ್ದಲ್ಲ. ಗಂಡಸರಿಗೆ ಮಾತ್ರ ಕಲಿಸಿ ಹೆಂಗಸರನ್ನು ಬಿಟ್ಟರೆ ಒಂದು ಜನಾಂಗವನ್ನೇ ತುಳಿದಿಡಬಹುದು ಅನ್ನುವುದು ಅವರ ಮಾತಿನ ಮೊದಲ ಭಾಗ. ನಮ್ಮ ಗೋಡೆಗಳಲ್ಲಿ ಅದನ್ನು ಯಾರೂ ಬರೆಯುವುದೇ ಇಲ್ಲ, ಬೇಸರ ಅದೇ. 1927ರಲ್ಲಿ ತೀರಿಕೊಂಡರು.

ಬಂದರ್ ಬ್ಯಾರಿ:
ಈಜಿಪ್ಟಿನ ಕವಿ ಹಾಫಿಜ್ ಇಬ್ರಾಹಿಂ ಅವರದ್ದೂ ಹತ್ತಿರದ ಸಾಲೊಂದಿದೆ. ತಾಯಿಯೇ ಒಂದು ಶಾಲೆ, ಅವಳನ್ನು ಸಜ್ಜು ಮಾಡಿದರೆ ಒಳ್ಳೆಯ ಜನತೆಯನ್ನೇ ಸಜ್ಜು ಮಾಡಿದಂತೆ ಅಂತ. ಅವರು ತೀರಿಹೋದದ್ದು 1932ರಲ್ಲಿ. ಅಂದರೆ ಇಬ್ಬರೂ ಒಂದೇ ಕಾಲದವರು. ನಮ್ಮ "ಹೆಣ್ಣೊಂದು ಕಲಿತರೆ ಶಾಲೆಯೊಂದು ತೆರೆದಂತೆ" ಕೂಡ ಇದೇ ದಾರಿಯದ್ದು ಅಲ್ವಾ? ಅದಕ್ಕಂತೂ ಹೆಸರೇ ಬೇಡ, ಊರವರೆಲ್ಲರ ಮಾತು.

ಬೆಂದೂರಿನ ಅಕ್ಕ:
ಹೆಸರು ಅಗ್ರಿ ಅವರದ್ದೇ ಹಾಕಿ. ಆದರೆ ನನ್ನದೊಂದು ತಕರಾರು. ಕುಟುಂಬಕ್ಕೆ ಲಾಭ ಅಂತ ಮಾತ್ರ ಹೆಣ್ಣಿಗೆ ಯಾಕೆ ಕಲಿಸಬೇಕು? ಮಂಗಳೂರಲ್ಲಿ ಸೇಂಟ್ ಆಗ್ನೆಸ್ ಕಾಲೇಜು ಶುರುವಾದದ್ದು 1921ರಲ್ಲಿ, ಅಗ್ರಿ ಆಫ್ರಿಕಾ ಸುತ್ತುತ್ತಿದ್ದ ಹೊತ್ತಿಗೇ. ಅಲ್ಲಿ ಓದಿದ ಎಷ್ಟೋ ಹೆಂಗಸರು ಟೀಚರ್, ಡಾಕ್ಟರ್ ಆಗಿ ತಮ್ಮ ಕಾಲ ಮೇಲೆ ನಿಂತರು. ಮದುವೆ ಆಗದವಳಿಗೂ, ಮಕ್ಕಳಿಲ್ಲದವಳಿಗೂ ಓದು ಬೇಕು. ಆ ಮೊದಲ ಭಾಗವನ್ನೂ ಬರೆಸಿ, ಆಗ ಮಾತಿಗೆ ತೂಕ ಬರುತ್ತದೆ.

ಮಲ್ಪೆ ಕಡಲು:
ಅಕ್ಕ, ಎರಡು ಭಾಗವೂ ಬರೆಸುತ್ತೇವೆ. ಗೋಡೆ ಉದ್ದ ಇದೆ, ಜಾಗ ಸಾಕು. ಪೇಂಟರಿಗೆ ಅಗ್ರಿ ಅವರ ಹೆಸರು, ಊರು, ಇಸವಿ ಈಗಲೇ ಕಳಿಸುತ್ತೇನೆ.